ಎಡಗಡೆಯ ಸೀಟು

ಮೂವತ್ತನಾಲ್ಕು ವರ್ಷ ರೈಲು ಓಡಿಸಿದವನಿಗೆ ಕಾರು ಯಾವ ಲೆಕ್ಕ ಎಂದು ಪುರಸೈವಾಕ್ಕಂನ ಆ ಬೀದಿಯಲ್ಲಿ ಕೇಳದವರಿಲ್ಲ. ತಿರುಮಲೇಶರು ಯಾರಿಗೂ ಜವಾಬು ಕೊಡಲಿಲ್ಲ. ಕೊಡುವುದಕ್ಕೆ ಏನಿದೆ? ರೈಲಿಗೆ ಸ್ಟಿಯರಿಂಗ್ ಇಲ್ಲ, ಹಳಿ ಹೋದ ಕಡೆ ಎಂಜಿನ್ ಹೋಗುತ್ತದೆ, ಮೊಪೆಡ್ಡಿನ ಮೇಲೆ ಮೂರು ಜನರನ್ನು ಹೇರಿಕೊಂಡು ಯಾವನೂ ಅಡ್ಡ ಬರುವುದಿಲ್ಲ. ಬಂದರೆ ಅದು ಅವನ ಹಣೆಬರಹ. ಚೆನ್ನೈ ರಸ್ತೆಯಲ್ಲಿ ಹಾಗಲ್ಲ. ಅಲ್ಲಿ ಬರುವವರೆಲ್ಲ ಅಡ್ಡವೇ ಬರುತ್ತಾರೆ, ಹಣೆಬರಹ ಮಾತ್ರ ಓಡಿಸುವವನದು.

ಅರವತ್ತೊಂದನೆಯ ವಯಸ್ಸಿನಲ್ಲಿ ಈ ತಲೆನೋವನ್ನು ಅವರು ಮೈಮೇಲೆ ಎಳೆದುಕೊಂಡದ್ದು ಶೋಕಿಗಲ್ಲ, ಮೊಮ್ಮಗಳಿಗಾಗಿ.

ನೇಹಾಳಿಗೆ ಒಂಬತ್ತು ವರ್ಷ. ಹುಟ್ಟುವಾಗ ಉಸಿರು ಸಿಕ್ಕದೆ ಒದ್ದಾಡಿದ ಮಗು. ಅದರಿಂದ ಕಾಲೆರಡೂ ಬಿಗಿ, ಮಾತು ನಿಧಾನ. ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ. ಆಗಿದ್ದರೆ ನಮ್ಮ ಪಾಡು ಇಷ್ಟು ಕಷ್ಟ ಇರುತ್ತಿರಲಿಲ್ಲ ಎಂದು ಅಜ್ಜಿ ವಿನೋದಾ ತಮಾಷೆ ಮಾಡುತ್ತಿದ್ದರು, ಯಾಕೆಂದರೆ ಆ ಹುಡುಗಿಯ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಬಿಸ್ಕತ್ತನ್ನೂ ಬಚ್ಚಿಡುವಂತಿರಲಿಲ್ಲ. ತಾಯಿ, ತಿರುಮಲೇಶರ ಮಗಳು ವಂದನಾಗೆ ತಿರುವೊಟ್ಟಿಯೂರಿನ ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ರಾತ್ರಿ ಊಟದ ಹೊತ್ತಿಗೆ. ತಂದೆ ಮಧುಸೂದನ್ ವಿಮಾ ಕಂಪನಿಯವನು, ವರ್ಗವಾಗಿ ಮಧುರೆಗೆ ಹೋದವನು ತಿಂಗಳಿಗೆ ಎರಡು ಸಲ ಬರುತ್ತಿದ್ದ. ಉಳಿದ ದಿನವೆಲ್ಲ ಮಗು ತಾತ ಅಜ್ಜಿಯ ಕೈಯಲ್ಲಿ.

ಬೆಸೆಂಟ್ ನಗರದಲ್ಲಿ, ಸಮುದ್ರಕ್ಕೆ ಎರಡು ಬೀದಿ ಇತ್ತ, ಇಂಥ ಮಕ್ಕಳ ಕಾಲಿಗೆ ವ್ಯಾಯಾಮ ಮಾಡಿಸುವ ಒಂದು ಕೇಂದ್ರವಿತ್ತು. ಅಲ್ಲಿನ ಜಯಲಕ್ಷ್ಮೀ ಮೇಡಂ ಮೊದಲ ದಿನವೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ವಾರಕ್ಕೆ ಮೂರು ದಿನ, ಒಂದು ವರ್ಷ, ಒಂದು ದಿನವೂ ತಪ್ಪದೆ ತಂದರೆ ಮಗು ವಾಕರ್ ಹಿಡಿದು ನಿಲ್ಲುತ್ತಾಳೆ. ತಪ್ಪಿಸಿದರೆ ಸ್ನಾಯು ಮತ್ತೆ ಬಿಗಿಯುತ್ತದೆ, ಆಮೇಲೆ ಆಪರೇಷನ್ನು, ಅದೂ ಗ್ಯಾರಂಟಿ ಇಲ್ಲ.

ಪುರಸೈವಾಕ್ಕಂ ಊರಿನ ಒಂದು ತುದಿ ಅಂದರೆ ಬೆಸೆಂಟ್ ನಗರ ಇನ್ನೊಂದು ತುದಿ. ಬಸ್ಸಿನಲ್ಲಿ ಆಗದ ಮಾತು. ಆಟೋದಲ್ಲಿ ಎರಡು ತಿಂಗಳು ಹೋದರು. ಗುಂಡಿ ಬಂದಾಗಲೆಲ್ಲ ಮಗುವಿನ ಕಾಲು ಸೆಟೆದುಕೊಂಡು ಕತ್ತರಿಯಾಗುತ್ತಿತ್ತು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೈಯೆಲ್ಲ ಬೆವರು, ವ್ಯಾಯಾಮಕ್ಕೆ ತ್ರಾಣವೇ ಇರುತ್ತಿರಲಿಲ್ಲ. ಎತ್ತಿ ಇಳಿಸಿ ವಿನೋದಾ ಅವರ ಸೊಂಟ ಹೋಯಿತು. ಒಂದು ದಿನ ಆಟೋದವನು ನುಂಗಂಬಾಕ್ಕಂನಲ್ಲಿ ಗ್ಯಾಸ್ ಮುಗಿಯಿತು ಎಂದು ಮೂವರನ್ನೂ ಇಳಿಸಿ ಹೋದ. ಅವತ್ತು ಸಂಜೆ ತಿರುಮಲೇಶರು, "ಕಾರ್ ತಗೊಳ್ಳೋಣ ಬಿಡು" ಅಂದರು. "ಓಡ್ಸೋರ್ ಯಾರು, ನಿಮ್ಮ ತಾತಾನಾ?" ಎಂದು ವಿನೋದಾ ಕೇಳಿದರು. "ನೇಹಾಳ ತಾತ," ಅಂದರು ಇವರು.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ನಿವೃತ್ತಿಗೆ ಮೂರು ವರ್ಷ ಮೊದಲು ತಿರುಮಲೇಶರನ್ನು ಎಂಜಿನ್ನಿನಿಂದ ಇಳಿಸಿ ಆಫೀಸಿನಲ್ಲಿ ಡ್ಯೂಟಿ ರಿಜಿಸ್ಟರ್ ಬರೆಯಲು ಕೂರಿಸಿದ್ದರು. ಮಂಡಿ ನೋವಿಗೆ ಎಂದು ಇವರು ಮನೆಯಲ್ಲಿ ಹೇಳಿದ್ದರು. ಎಡ ಮಂಡಿ ಕೆಟ್ಟದ್ದು ನಿಜ, ಜೋಲಾರ್‌ಪೇಟೆಯಲ್ಲಿ ಎಂಜಿನ್ನಿನಿಂದ ಇಳಿಯುವಾಗ ಜಾರಿ ಬಿದ್ದದ್ದೂ ನಿಜ. ಆದರೆ ಇಳಿಸಿದ್ದು ಮಂಡಿಗಲ್ಲ, ಕಣ್ಣಿಗೆ. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನದು ಕೊಳವೆಯಲ್ಲಿ ನೋಡಿದಂಥ ನೋಟ: ಎದುರಿಗಿದ್ದದ್ದು ಚೊಕ್ಕ, ಪಕ್ಕದಲ್ಲಿದ್ದದ್ದು ಇಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ಹನಿ ಬರೆದುಕೊಟ್ಟರು. ಕಣ್ಣುರಿಗೆ ಎಂದು ಹೇಳಿ ದಿನಾ ಎರಡು ಹೊತ್ತು ಬಿಟ್ಟುಕೊಳ್ಳುತ್ತಿದ್ದರು. ರೈಲು ಓಡಿಸುವವನಿಗೆ ಕಣ್ಣು ಹೋಯಿತು ಎನ್ನುವುದು ನಾಚಿಕೆ. ಯಾಕೆ ನಾಚಿಕೆ ಎಂದರೆ ಹೇಳಲಿಕ್ಕಾಗದು, ನಾಚಿಕೆ ಅಷ್ಟೆ. ಹೇಳುವ ದಿನ ಹೇಳಲಿಲ್ಲ, ಆಮೇಲೆ ಹೇಳುವ ದಿನ ಬರಲಿಲ್ಲ.

ಹಾಗಾಗಿ ಮಂಡಿಯೇ ನೆಪವಾಯಿತು. ಎಡಗಾಲಿನಲ್ಲಿ ಕ್ಲಚ್ಚು ತುಳಿಯಲಾಗದು, ಗೇರಿಲ್ಲದ ಗಾಡಿಯೇ ಬೇಕು ಎಂದರು. ಎಂಜಿನ್ನಂತೂ ಡೀಸೆಲ್ಲೇ ಆಗಬೇಕು. ಜನ್ಮವೆಲ್ಲ ಡೀಸೆಲ್ ವಾಸನೆಯಲ್ಲಿ ಅನ್ನ ತಿಂದವರು. ಪೆಟ್ರೋಲು ಅಂದರೆ ಅವರಿಗೆ ಸ್ಕೂಟರಿಗೆ ಹಾಕುವ ವಸ್ತು.

ಇದು ಎರಡು ಸಾವಿರದ ಆರರ ಮಾತು. ಡೀಸೆಲ್ಲೂ ಇರಬೇಕು, ಗೇರೂ ತಾನೇ ಬೀಳಬೇಕು, ಅದೂ ಹಳೇ ಗಾಡಿ ಅಂದರೆ ಪುದುಪೇಟೆಯ ದಲ್ಲಾಳಿಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಸಿಕ್ಕವನು ಕೃಷ್ಣರಾಜ, ಹೊಸೂರು ಕಡೆಯವನು, ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುವವನು. ಅವನ ಶೆಡ್ಡಿನ ಹಿಂದೆ, ಬೇವಿನ ಎಲೆ ಉದುರಿ ಮುಚ್ಚಿಹೋದಂತೆ, ಒಂದು ಉದ್ದನೆಯ ಬೂದಿ ಬಣ್ಣದ ವಿದೇಶಿ ಕಾರು ನಿಂತಿತ್ತು. ಎಂಟು ವರ್ಷದ್ದು. ಚರ್ಮದ ವ್ಯಾಪಾರಿಯೊಬ್ಬರು ಮಹಾರಾಜರ ಹಾಗೆ ಇಟ್ಟುಕೊಂಡಿದ್ದರಂತೆ.

"ಯಾಕೆ ಮಾರಿದ್ರು?"

"ನಿಜ ಹೇಳ್ಲಾ ಸಾರ್, ಸುಳ್ಳು ಹೇಳ್ಲಾ?" ಎಂದ ಕೃಷ್ಣರಾಜ. "ಆಟೋಮ್ಯಾಟಿಕ್ ಡೀಸೆಲ್ಲು ಸಾರ್ ಇದು. ಇದನ್ನ ಮುಟ್ಟೋ ಮೆಕ್ಯಾನಿಕ್ ಮದ್ರಾಸಲ್ಲಿ ಮೂರೇ ಜನ, ಅವ್ರಲ್ಲಿ ಒಬ್ಬ ದುಬೈಗೆ ಹೋದ. ತಗೊಳ್ಳೋಕೆ ಜನಾನೇ ಇಲ್ಲ. ಅದಕ್ಕೇ ನಿಮ್ಮ ಕೈಗೆ ಎಟಕೋ ರೇಟು. ಇಂಜಿನ್ ಮಾತ್ರ ಕಲ್ಲು ಸಾರ್, ಕಲ್ಲು. ಒಂದೇ ಒಂದು ಮಾತು. ಬ್ಯಾಟರಿ ಇಳೀತು ಅನ್ಕೊಳ್ಳಿ, ನಾಲ್ಕು ಜನ ಸೇರಿ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ. ಗೇರ್ ಗಾಡಿ ಥರ ಅಲ್ಲ ಇದು."

ತಿರುಮಲೇಶರು ಬಾನೆಟ್ ಎತ್ತಿಸಿ, ಎಂಜಿನ್ ಹಚ್ಚಿಸಿ, ಕಣ್ಣು ಮುಚ್ಚಿಕೊಂಡು ನಿಂತರು. ಐದು ನಿಮಿಷ ಹಾಗೇ ಕೇಳಿದರು. ಶಬ್ದದಲ್ಲಿ ತಪ್ಪಿಲ್ಲ. ಮೂವತ್ತನಾಲ್ಕು ವರ್ಷದ ಕಿವಿ ಅದು, ಅದಕ್ಕೆ ಯಾವ ಡಾಕ್ಟರ ಸರ್ಟಿಫಿಕೇಟೂ ಬೇಡ. "ಸರಿ," ಎಂದರು.

ಮನೆ ಮುಂದೆ ಕಾರು ಬಂದು ನಿಂತಾಗ ವಿನೋದಾ ಆರತಿ ತಟ್ಟೆ ಹಿಡಿದು ಹೊರಗೆ ಬಂದವರು ಅಲ್ಲೇ ನಿಂತರು. "ಅಯ್ಯೋ ರಾಮ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಮ್ಮ ಮನೆ ಬಾಗಿಲಿಗಿಂತ ಇದರ ಬಾಗಿಲೇ ದೊಡ್ಡದಿದೆಯಲ್ರೀ!" ಅಂದರು. ಅದೇ ಬೇಕಾದದ್ದು. ಆ ಬಾಗಿಲಲ್ಲಿ ಮಗುವನ್ನು ಬಗ್ಗಿಸದೆ, ಮುರಿಯದೆ ಒಳಗೆ ಕೂರಿಸಬಹುದಾಗಿತ್ತು. ನೇಹಾ ಸೀಟಿನ ಮೇಲೆ ಅಂಗೈ ಆಡಿಸಿ ಆಡಿಸಿ ನೋಡಿದಳು.

ಇನ್ನು ಓಡಿಸುವುದು. ಹಳೇ ಲೈಸೆನ್ಸು ಇತ್ತು, ನವೀಕರಿಸಬೇಕಾಗಿತ್ತು. ಬೀದಿ ತುದಿಯ ಡಾಕ್ಟರು ಕಣ್ಣು ನೋಡಲಿಲ್ಲ, ಮುಖ ನೋಡಿ ಸಹಿ ಹಾಕಿದರು. ತಿರುಮಲೇಶರಿಗೆ ಆ ಸಹಿ ಕಂಡು ಸಮಾಧಾನವೂ ಆಯಿತು, ಒಳಗೆ ಏನೋ ಕುಸಿದ ಹಾಗೂ ಆಯಿತು.

ಆದರೆ ಅವರು ಹುಂಬರಲ್ಲ. ರೈಲ್ವೆಯಲ್ಲಿ ಒಂದು ಪದ್ಧತಿ ಇದೆ. ಎಷ್ಟೇ ಹಳಬನಾದರೂ ಹೊಸ ದಾರಿಯಲ್ಲಿ ಗಾಡಿ ಓಡಿಸಬೇಕಾದರೆ ಡ್ರೈವರು ಮೊದಲು ಇನ್ನೊಬ್ಬನ ಎಂಜಿನ್ನಿನಲ್ಲಿ ಸುಮ್ಮನೆ ನಿಂತು ಹೋಗಿ ಬಂದು ದಾರಿ ಕಲಿಯಬೇಕು. ಎಲ್ಲಿ ತಿರುವು, ಎಲ್ಲಿ ಏರು, ಯಾವ ಕಂಬದಲ್ಲಿ ಸಿಗ್ನಲ್ಲು, ಎಲ್ಲ ತಲೆಯಲ್ಲಿ ಕೂತ ಮೇಲೆ "ದಾರಿ ಬಲ್ಲೆ" ಎಂದು ಸಹಿ ಹಾಕಿಕೊಡಬೇಕು. ಆಮೇಲೇ ಕೈಗೆ ಗಾಡಿ. ತಿರುಮಲೇಶರು ಅದನ್ನೇ ಮಾಡಿದರು. ಪುರಸೈವಾಕ್ಕಂನಿಂದ ಬೆಸೆಂಟ್ ನಗರಕ್ಕೆ ಹೋಗುವ 29ಸಿ ಬಸ್ಸು ಹತ್ತಿ, ಡ್ರೈವರಿನ ಬೆನ್ನಿಗೆ ನಿಂತು, ಮೂರು ದಿನ ಹೋಗಿ ಬಂದರು. ಹಳೇ ಡೈರಿಯಲ್ಲಿ ಬರೆದುಕೊಂಡರು. ಡೌಟನ್ ಸಿಗ್ನಲ್, ಎಡಕ್ಕೆ ಬ್ಯಾಂಕು, ಹಳ್ಳ. ಜೆಮಿನಿ ಸೇತುವೆ ಇಳಿದ ಮೇಲೆ ವೇಗ ಬೇಡ. ಮಂದವೇಳಿ, ಎಡಗಡೆಯಿಂದ ಸೈಕಲ್ಲು ಹೆಚ್ಚು. ಅಡ್ಯಾರ್ ಸೇತುವೆ, ಗಾಳಿ. ಮೂರನೆಯ ದಿನ ಕೆಳಗೆ ಗೆರೆ ಎಳೆದು ಸಹಿ ಹಾಕಿದರು. ನೋಡುತ್ತಿದ್ದ ವಿನೋದಾ, "ನಿಮ್ಮ ಸಹಿ ಯಾರಿಗ್ರೀ ಬೇಕು?" ಎಂದು ನಕ್ಕರು. "ನಂಗೆ ಬೇಕು," ಅಂದರು ಅವರು.

ಇನ್ನೊಂದು ಪದ್ಧತಿ ಕೂಗುವುದು. ಎಂಜಿನ್ನಿನಲ್ಲಿ ಇಬ್ಬರು ಇರುತ್ತಾರೆ, ಡ್ರೈವರು ಎಡಗಡೆ ಸೀಟಿನಲ್ಲಿ, ಸಹಾಯಕ ಬಲಗಡೆ. ಸಿಗ್ನಲ್ ಕಂಡ ಕೂಡಲೇ ಒಬ್ಬ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ತಾನೂ ನೋಡಿ ತಿರುಗಿ ಕೂಗಬೇಕು. ಇಬ್ಬರ ಮಾತೂ ಒಂದಾದರೆ ಮುಂದೆ. ಒಬ್ಬ ಕೆಂಪು ಅಂದು ಇನ್ನೊಬ್ಬ ಹಸಿರು ಅಂದರೆ ಅಲ್ಲಿ ವಾದವಿಲ್ಲ, ದೊಡ್ಡವನು ಚಿಕ್ಕವನು ಎಂಬುದಿಲ್ಲ, ಅದು ಕೆಂಪೇ ಎಂದು ತಿಳಿದು ನಿಲ್ಲಿಸಬೇಕು.

ಕಾರಿನಲ್ಲಿ ಎಲ್ಲ ತಿರುಗುಮುರುಗು. ಓಡಿಸುವವನು ಬಲಗಡೆ. ಜನ್ಮವೆಲ್ಲ ಎಡಗಡೆ ಕೂತವರು ಈಗ ಸಹಾಯಕನ ಜಾಗದಲ್ಲಿ ಕೂತು ಓಡಿಸಬೇಕು. ಎಡಗಡೆ ಸೀಟಿನಲ್ಲಿ, ನಡುವಿಗೆ ಬೆಲ್ಟು, ಬೆನ್ನಿಗೆ ಎರಡು ದಿಂಬು ಕೊಟ್ಟು ನೇಹಾಳನ್ನು ಕೂರಿಸಿದರು. ಹಿಂದಿನ ಸೀಟಿನಲ್ಲಿ ಬ್ಯಾಗು, ನೀರಿನ ಬಾಟ್ಲಿ, ಮೊಸರನ್ನದ ಡಬ್ಬಿಯ ಜೊತೆ ವಿನೋದಾ.

"ನೀನು ನನ್ನ ಅಸಿಸ್ಟೆಂಟು. ಸಿಗ್ನಲ್ ಕಂಡ್ರೆ ಕೂಗ್ಬೇಕು. ಎಡಗಡೆ ಏನು ಬಂದ್ರೂ ಕೂಗ್ಬೇಕು. ನಾನು ತಿರುಗಿ ಹೇಳ್ತೀನಿ. ಸರೀನಾ?"

"ಸರಿ ತಾತಾ." ಆ ಎರಡು ಮಾತಿಗೆ ಅವಳಿಗೆ ಐದು ಸೆಕೆಂಡು ಬೇಕು.

ಮೊದಮೊದಲು ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಹೇಳದೆ ಕೇಳದೆ ಕಾರು ಹೊರಟುಬಿಡುತ್ತಿತ್ತು. ಎಡಗಾಲಿಗೆ ಕೆಲಸವಿಲ್ಲ, ಅದು ಸೋದರತ್ತೆ ಮನೆಗೆ ಬಂದ ನೆಂಟನ ಹಾಗೆ ಮೂಲೆಯಲ್ಲಿ ಕೂತಿರುತ್ತಿತ್ತು. ಒಂದು ಸಲ ಹಳೇ ನೆನಪಿಗೆ ಕ್ಲಚ್ಚೆಂದುಕೊಂಡು ಎಡಗಾಲಲ್ಲಿ ಬ್ರೇಕನ್ನು ಹಾಗೇ ಹೊಸಕಿದರು. ಮೊಸರನ್ನದ ಡಬ್ಬಿ ಹಾರಿ ಮುಂದೆ ಬಂತು. "ಗ್ರಹಚಾರ!" ಎಂದರು ವಿನೋದಾ. ಹತ್ತು ದಿನದಲ್ಲಿ ಎಲ್ಲ ಸರಿಹೋಯಿತು. ಕಾರು ದೊಡ್ಡದಾದರೂ ಸಾಧು. ಗುಂಡಿಯನ್ನು ನುಂಗಿಕೊಂಡು ಹೋಗುತ್ತಿತ್ತು, ಮಗುವಿನ ಕಾಲು ಸೆಟೆಯುತ್ತಿರಲಿಲ್ಲ.

"ಪ...ಪಚ್ಚೆ!" ಎಂದು ನೇಹಾ ಕೂಗುವಳು. ಹಸಿರಿಗೆ ಪಚ್ಚೆ, ಕೆಂಪಿಗೆ ಸಿಗಪ್ಪು; ಮನೆಯಲ್ಲಿ ಕನ್ನಡ ಕೇಳಿದರೂ ಅವಳ ಬಾಯಲ್ಲಿ ಬರುವುದು ತಮಿಳೇ. "ಹಸಿರು!" ಎಂದು ಇವರು ತಿರುಗಿ ಕೂಗುವರು. "ತಾತಾ, ಸೈಕಲ್." "ಸೈಕಲ್!" "ತಾತಾ, ಮಾಡು." "ಹಸು!" ಹಿಂದಿನಿಂದ ವಿನೋದಾ, "ಎರಡು ಹುಚ್ಚು ಒಂದೇ ಗಾಡೀಲಿ ಸಿಕ್ಕಿವೆ," ಎನ್ನುವರು. ಅವರಿಗೆ ಅದು ತಾತ ಮೊಮ್ಮಗಳ ಆಟ.

ಆಟವಲ್ಲ ಎಂದು ಗೊತ್ತಿದ್ದವರು ಒಬ್ಬರೇ, ತಿರುಮಲೇಶರು. ಎದುರಿಗಿದ್ದದ್ದನ್ನು ಅವರು ಕಾಣುತ್ತಿದ್ದರು. ಎಡಗಡೆಯದು ಪೂರ್ತಿ ಮಗುವಿನ ಬಾಯಿಂದಲೇ ಬರಬೇಕು. ಎಡಗಡೆಯ ಕಂಬದ ಸಿಗ್ನಲ್ಲು ಎಷ್ಟೋ ಸಲ ಕಾಣದೆ, ಅವಳು ಕೂಗಿದ್ದನ್ನೇ ತಾನೂ ಕಂಡವರ ಹಾಗೆ ತಿರುಗಿ ಕೂಗುತ್ತಿದ್ದರು. ನೋಡದೆ ಕೂಗುವುದು ಅವರ ಕಾಲದಲ್ಲಿ ದೊಡ್ಡ ಅಪರಾಧ. ಅದಕ್ಕೆ ಮೆಮೊ ಕೊಡುತ್ತಿದ್ದರು. ಈಗ ಕೊಡುವವರಿಲ್ಲ. ಜಯಲಕ್ಷ್ಮೀ ಮೇಡಂ ಹೇಳಿದ ವರ್ಷದಲ್ಲಿ ಏಳು ತಿಂಗಳು ಮುಗಿದಿವೆ, ಇನ್ನು ಐದು, ಅಲ್ಲಿಯವರೆಗೆ ದೂಡಿದರೆ ಮಗು ನಿಲ್ಲುತ್ತಾಳೆ, ಆಮೇಲೆ ಈ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಹೋಗುವಾಗಲೂ ಬರುವಾಗಲೂ ತಮಗೆ ತಾವೇ ಹೇಳಿಕೊಳ್ಳುವರು. ಮನೆಗೆ ಬಂದರೆ ಕತ್ತು, ಹೆಗಲು, ಕಣ್ಣಿನ ಗುಳಿ ಎಲ್ಲ ನೋಯುತ್ತಿತ್ತು. ಊಟ ಸೇರುತ್ತಿರಲಿಲ್ಲ. ರಾತ್ರಿಯೆಲ್ಲ ಮೇಲ್ ರೈಲು ಎಳೆದಾಗಲೂ ಇಷ್ಟು ಸುಸ್ತಾಗಿರಲಿಲ್ಲ. ಹಳಿ ಮೇಲೆ ಮನುಷ್ಯ ದಣಿಯುತ್ತಾನೆ. ಸುಳ್ಳಿನ ಮೇಲೆ ಓಡಿಸಿದರೆ ಸವೆಯುತ್ತಾನೆ.

ಕಾರು ನಿಲ್ಲಿಸಿದರೂ ಎಂಜಿನ್ ಆರಿಸುತ್ತಿರಲಿಲ್ಲ. ರೈಲಿನ ಡೀಸೆಲ್ ಎಂಜಿನ್ನನ್ನು ಗಂಟೆಗಟ್ಟಲೆ ನಿಂತರೂ ಆರಿಸುವುದಿಲ್ಲ, ಆರಿಸಿದರೆ ಮತ್ತೆ ಹೊತ್ತುವುದು ಬ್ಯಾಟರಿಯ ದಯೆ. ಕೃಷ್ಣರಾಜನ ಮಾತೂ ತಲೆಯಲ್ಲಿತ್ತು. ಒಳಗೆ ಮಗುವಿಗೆ ವ್ಯಾಯಾಮ ನಡೆಯುವ ಮುಕ್ಕಾಲು ಗಂಟೆ ಹೊರಗೆ ಮರದಡಿ ಕಾರು ಗುಡುಗುಡು ಎನ್ನುತ್ತಿತ್ತು. ಕೇಂದ್ರದ ವಾಚ್‌ಮನ್ ಮೂಗು ಮುಚ್ಚಿಕೊಂಡು ಬಂದು ಬೈದು ಹೋಗುತ್ತಿದ್ದ. ತಿರುಮಲೇಶರು ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ಕೂತಿರುತ್ತಿದ್ದರು. ಆ ಮುಕ್ಕಾಲು ಗಂಟೆ ಕಣ್ಣು ಮುಚ್ಚಿಕೊಳ್ಳಬಹುದಾಗಿತ್ತು, ಅದೇ ದೊಡ್ಡ ಸುಖ.

ಎಂಟನೆಯ ತಿಂಗಳ ಒಂದು ಬುಧವಾರ.

ಅವತ್ತು ಹೊರಡುವುದೇ ತಡವಾಯಿತು. ಮಂದವೇಳಿ ಹತ್ತಿರ ಬರುವಾಗ ಮುಂದೆ 29ಸಿ ಬಸ್ಸು ಹೋಗುತ್ತಿತ್ತು. ಅದರ ಬೆನ್ನು ಹಿಡಿದು ಹೋಗುವುದು ತಿರುಮಲೇಶರಿಗೆ ನೆಮ್ಮದಿ; ದೊಡ್ಡ ಕೆಂಪು ಬೆನ್ನು, ಕೊಳವೆಯ ನೋಟಕ್ಕೆ ಸರಿಯಾಗಿ ಕೂರುತ್ತಿತ್ತು. ಚೌಕ ಬಂತು.

"ಸಿ... ಸಿ..." ಎಂದಳು ನೇಹಾ. ಗಾಬರಿಯಾದರೆ ಅವಳ ಮಾತು ಹಲ್ಲಿನ ಹಿಂದೆ ಸಿಕ್ಕಿಕೊಳ್ಳುತ್ತದೆ. "ಸಿಗಪ್ಪು!"

ಮುಂದಿನ ಬಸ್ಸು ನಿಲ್ಲಲಿಲ್ಲ. ಬಸ್ಸು ಹೋದರೆ ಹಸಿರೇ ಇರಬೇಕು. ತಡವಾಗಿದೆ. "ಹಸಿರು!" ಎಂದು ಕೂಗಿ ತಿರುಮಲೇಶರು ಕಾಲೊತ್ತಿದರು.

ಮಗು ಎರಡೂ ಕೈಯಲ್ಲಿ ಎದುರಿನ ಹಲಗೆಯನ್ನು ಬಡಿದಳು. ಏನೋ ಕಿರುಚಿದಳು, ಅದು ಮಾತಾಗಿರಲಿಲ್ಲ. ಬ್ರೇಕನ್ನು ಎರಡು ಕಾಲಿನಲ್ಲೂ ತುಳಿದರು. ಕೆಟ್ಟ ಮಂಡಿಯಲ್ಲಿ ಚಳುಕು ಹೊಡೆಯಿತು. ಎಡಗಡೆ ಮೂಲೆಗೆ ಏನೋ ತಗುಲಿ ಡಬ್ ಡಬ್ ಎಂದು ನೀಲಿ ನೀರಿನ ಕ್ಯಾನುಗಳು ರಸ್ತೆ ತುಂಬ ಉರುಳಿದವು. ಕ್ಯಾನು ಹೇರಿಕೊಂಡು ಬರುತ್ತಿದ್ದ ಮೂರು ಗಾಲಿಯ ಸೈಕಲ್ ಗಾಡಿ ಪಕ್ಕಕ್ಕೆ ಮಗುಚಿತ್ತು. ಗಾಡಿಯವನು ನೆಲದ ಮೇಲಿದ್ದ.

ದೇವರು ದೊಡ್ಡವನು. ಅವನು ಎದ್ದು ನಿಂತ. ಮೊಣಕೈ ತರಚಿತ್ತು, ಅಷ್ಟೆ. ನೇಹಾ ತುಟಿ ಕಚ್ಚಿಕೊಂಡು ರಕ್ತ ಬಂದಿತ್ತು. ಗಾಡಿಯವನು ಬಂದು ಬಾನೆಟ್ ಮೇಲೆ ಗುದ್ದಿ, "ಯೋವ್ ಪೆರಿಸು! ಕಣ್ಣು ತೆರಿಯಲಿಯಾ?" ಎಂದು ಅರಚಿದ.

ಮುದುಕಪ್ಪಾ, ಕಣ್ಣು ಕಾಣೋದಿಲ್ವಾ ಅಂತ. ಚೆನ್ನೈಯಲ್ಲಿ ಈ ಮಾತು ಉಪ್ಪಿನಷ್ಟು ಅಗ್ಗ, ದಿನಕ್ಕೆ ಹತ್ತು ಸಲ ಬೈಸಿಕೊಳ್ಳಬಹುದು, ಯಾರೂ ಉತ್ತರ ಕೇಳಿ ಬೈಯುವುದಿಲ್ಲ. ಆದರೆ ತಿರುಮಲೇಶರಿಗೆ ಅವತ್ತು ಯಾರೋ ನಿಜವಾಗಿ ಕೇಳಿದ ಹಾಗಾಯಿತು.

"ಏನ್ರೀ ಇದು? ಅಷ್ಟು ದೊಡ್ಡ ಗಾಡಿ ಕಾಣಲಿಲ್ವಾ?" ಎಂದು ವಿನೋದಾ ಹಿಂದಿನಿಂದ ಮಗುವಿನ ತುಟಿಗೆ ಸೆರಗು ಒತ್ತಿ ಕೇಳಿದರು.

"ಅವನೇ ನುಗ್ಗಿದ. ಹಸಿರಿತ್ತು."

"ಇಲ್ಲ ಅಜ್ಜಿ," ಎಂದಳು ನೇಹಾ. ಸೆರಗನ್ನು ಬಾಯಿಂದ ಸರಿಸಿದಳು. ಈಗ ಅವಳಿಗೆ ಗಾಬರಿ ಇರಲಿಲ್ಲ, ಮಾತು ನಿಧಾನವಾಗಿ, ಒಂದೊಂದೇ ಬಂತು. "ಸಿಗಪ್ಪು. ನಾನ್ ಸೊನ್ನೇನ್, ಹೇಳ್ದೆ. ತಾತಂಗೆ... ಎಡಗಡೆ... ತೆರಿಯಾದು."

"ಏನು? ಏನ್ ಕಾಣಲ್ಲ?"

"ಎಡಗಡೆ. ಎಪ್ಪವೂ ತೆರಿಯಾದು. ನಾನ್ ತಾನ್ ಸೊಲ್ವೇನ್." ಯಾವಾಗಲೂ ಕಾಣುವುದಿಲ್ಲ, ಹೇಳುವವಳು ನಾನೇ. ಅದರಲ್ಲಿ ದೂರಿರಲಿಲ್ಲ. ತನ್ನ ಕೆಲಸದ ವಿಷಯ ಹೇಳಿಕೊಂಡ ಹಾಗಿತ್ತು. ಅಂದರೆ ಮಗುವಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಐದಾರು ತಿಂಗಳು ಆ ಒಂಬತ್ತು ವರ್ಷದ ಹುಡುಗಿ ತಾತನ ಒಂದು ಕಣ್ಣಾಗಿ ಕೂತು, ಬಾಯಿ ಬಿಡದೆ ಡ್ಯೂಟಿ ಮಾಡಿದ್ದಳು.

"ಕಾಣತ್ತೆ ಪುಟ್ಟಿ," ಎಂದರು ತಿರುಮಲೇಶರು.

"ತೆರಿಯಾದು."

"ಕಾಣತ್ತೆ ಅಂದ್ನಲ್ಲ!"

"ತೆರಿಯಾದು ತಾತಾ."

ಹಿಂದಿನಿಂದ ಹಾರ್ನುಗಳು ಶುರುವಾಗಿದ್ದವು. ತಿರುಮಲೇಶರು ಎದುರು ನೋಡುತ್ತ ಕೂತರು. ಒಬ್ಬರು ಕಾಣುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಕಾಣುವುದಿಲ್ಲ ಅನ್ನುತ್ತಾರೆ. ಇಬ್ಬರ ಮಾತು ಒಂದಾಗಲಿಲ್ಲ. ಆಗದಿದ್ದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರಾರು ಹುಡುಗರಿಗೆ ಅವರೇ ಹೇಳಿಕೊಟ್ಟಿದ್ದರು.

ಕಾರನ್ನು ಇಂಚು ಇಂಚಾಗಿ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಕೀ ತಿರುಗಿಸಿ ಎಂಜಿನ್ ಆರಿಸಿದರು. ನಡುದಾರಿಯಲ್ಲಿ ಆ ಕಾರು ಸುಮ್ಮನಾದದ್ದು ಅದೇ ಮೊದಲು. ಕೀಯನ್ನು ಹಿಂದಕ್ಕೆ ಚಾಚಿ ವಿನೋದಾ ಅವರ ಕೈಗೆ ಹಾಕಿದರು.

"ಕೆಂಪು," ಎಂದರು.

ಇಳಿದು ಹೋಗಿ, ಕುಂಟುತ್ತ, ಗಾಡಿಯವನ ಜೊತೆ ಕ್ಯಾನುಗಳನ್ನು ಒಂದೊಂದಾಗಿ ಎತ್ತಿಟ್ಟರು. ಬೈಯುತ್ತಿದ್ದವನು ನಾಲ್ಕನೆಯ ಕ್ಯಾನಿಗೆ ಬೈಯುವುದು ನಿಲ್ಲಿಸಿದ. ಹತ್ತನೆಯದಕ್ಕೆ, "ಬಿಡು ಪೆರಿಸು, ನಾನ್ ಪಾತ್ತುಕ್ಕಿರೇನ್, ಪೋ," ಅಂದ. ನಾನು ನೋಡಿಕೊಳ್ಳುತ್ತೇನೆ, ಹೋಗು ಅಂತ. ಅದೇ ಮಾತಿಗೆ ತಿರುಮಲೇಶರ ಕಣ್ಣಲ್ಲಿ ನೀರು ಬಂತು.

ಅವತ್ತು ಆಟೋದಲ್ಲಿ ಮುಟ್ಟುವಷ್ಟರಲ್ಲಿ ಮೇಡಂ ಬೇರೆ ಮಗುವಿಗೆ ವ್ಯಾಯಾಮ ಶುರುಮಾಡಿದ್ದರು.

ಸಂಜೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳುವುದು ಬೇಡ. ವಂದನಾ ಮಗುವನ್ನು ತಬ್ಬಿಕೊಂಡು ಗೋಡೆಗೆ ಮುಖ ಮಾಡಿ ಕೂತಳು, ಅಪ್ಪನ ಕಡೆ ತಿರುಗಲಿಲ್ಲ. ವಿನೋದಾ ಕೂಗಾಡಲಿಲ್ಲ, ಅದೇ ಹೆದರಿಕೆಯಾದದ್ದು. ಹನಿಯ ಬಾಟ್ಲಿಯನ್ನು ತಂದು ಮುಂದೆ ಇಟ್ಟರು.

"ಇದು ಕಣ್ಣುರಿಗಾ?"

"ಅಲ್ಲ."

"ಮಗೂನ ಕಣ್ಣಾಗಿ ಇಟ್ಕೊಂಡು ಓಡಿಸಿದ್ರಲ್ರೀ. ನಾನು ಹಿಂದೆ ಕೂತು ನಗ್ತಿದ್ದೆ. ನನಗೊಂದು ಮಾತು ಹೇಳೋಕೆ ನಿಮಗೇನಾಗಿತ್ತು? ನಲವತ್ತು ವರ್ಷ ಸಂಸಾರ ಮಾಡಿದ್ದು ಕಲ್ಲಿನ ಜೊತೆಗಾ?"

ತಿರುಮಲೇಶರು ಬಾಟ್ಲಿಯನ್ನು ಕೈಗೆ ತೆಗೆದುಕೊಂಡರು. "ಐದು ತಿಂಗಳು ಇತ್ತು ಕಣೆ," ಎಂದರು. "ಅಷ್ಟು ದೂಡಿಬಿಟ್ರೆ ಆಯ್ತು ಅನ್ಕೊಂಡೆ. ತಪ್ಪಾಯ್ತು." ಆ ಮನೆಯಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ವಿನೋದಾ ಅವರಿಗೆ ನೆನಪಿರುವ ಹಾಗೆ ಅದೇ ಮೊದಲು.

ಕಾರನ್ನು ಬಾಡಿಗೆ ಡ್ರೈವರೊಬ್ಬ ಮನೆ ಮುಂದೆ ತಂದು ನಿಲ್ಲಿಸಿದ; ದಿನಾ ಅವನನ್ನು ಕರೆಸಲು ಪೆನ್ಷನ್ ಸಾಲದು, ಮತ್ತೆ ಆಟೋ. ಹೋದದ್ದು ವಾರಕ್ಕೆ ಒಂದು ದಿನ, ಒಂದೊಂದು ವಾರ ಅದೂ ಇಲ್ಲ. ಕಾರು ಮಾರಲು ಕೃಷ್ಣರಾಜನನ್ನು ಕರೆಸಿದರೆ, "ಸಾರ್, ನಿಮ್ಮಂಥವರು ವರ್ಷಕ್ಕೊಬ್ಬರು ಸಿಕ್ತಾರೆ. ಮುಂದಿನ ವರ್ಷ ನೋಡೋಣ," ಎಂದ. ತಿಂಗಳಾದ ಮೇಲೆ ಜಯಲಕ್ಷ್ಮೀ ಮೇಡಂ ಮಗುವಿನ ಪಾದ ಬಗ್ಗಿಸಿ ನೋಡಿ ಚೀಟಿಯಲ್ಲಿ ಏನೋ ಬರೆದರು. ವಿನೋದಾ ಆ ಚೀಟಿಯನ್ನು ಓದಲಿಲ್ಲ, ಮೇಡಂ ಮುಖವನ್ನೇ ಓದಿದರು. ಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡು, "ನಾನು ಕಲೀತೀನಿ," ಅಂದರು.

"ಏನು?"

"ಅದನ್ನ." ಹೊರಗೆ ಧೂಳು ತಿನ್ನುತ್ತ ನಿಂತಿದ್ದ ಕಾರಿನ ಕಡೆ ಗದ್ದ ಎತ್ತಿದರು. "ಕ್ಲಚ್ಚಿಲ್ಲ, ಗೇರಿಲ್ಲ. ಒಂದು ಹೋಗೋದು, ಒಂದು ನಿಲ್ಲೋದು. ಇಷ್ಟೇ ತಾನೆ? ಇದಕ್ಕಿಂತ ನನ್ನ ಗ್ರೈಂಡರ್ ಕಷ್ಟ."

ಐವತ್ತೇಳು ವರ್ಷದ, ಸೈಕಲ್ಲೂ ತುಳಿಯದ ಹೆಂಗಸು. ಲೈಸೆನ್ಸಿಗೆ ಎರಡು ಸಲ ಫೇಲಾದರು, ಮೂರನೆಯ ಸಲ ಪಾಸಾದರು. ಲೈಸೆನ್ಸಿಗೆ ಹೋಗುವ ಮುಂಚೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕೊನೆಯ ಸಾಲಿನವರೆಗೂ ಬೋರ್ಡು ಓದಿ, ಡಾಕ್ಟರು ಕೊಟ್ಟ ಚೀಟಿಯನ್ನು ಗಂಡನ ಮುಂದೆ ಇಟ್ಟರು. ತಿರುಮಲೇಶರು ದಿನಾ ಬೆಳಗಿನ ಜಾವ ಅಯನಾವರಂನ ರೈಲ್ವೆ ಮೈದಾನದಲ್ಲಿ ಪಕ್ಕ ಕೂತು ಕಲಿಸಿದರು. ಬೈಸಿಕೊಂಡರು. "ಸುಮ್ನಿರ್ರೀ, ನಿಮ್ಮ ರೈಲಲ್ಲ ಇದು," ಎನ್ನುವರು ವಿನೋದಾ. ಒಂದು ವಿಷಯಕ್ಕೆ ಮಾತ್ರ ಅವರು ಬಗ್ಗಲಿಲ್ಲ. 29ಸಿ ಬಸ್ಸಿನಲ್ಲಿ ಡ್ರೈವರಿನ ಬೆನ್ನಿಗೆ ನಿಂತು ಮೂರು ದಿನ ಹೋಗಿ ಬಾ, ಆಮೇಲೇ ಗಾಡಿ ಎಂದರು. ವಿನೋದಾ ಗೊಣಗುತ್ತ ಹೋಗಿಬಂದರು. ಮೂರನೆಯ ದಿನ ಆ ಹಳೇ ಡೈರಿಯಲ್ಲಿ, ಗಂಡನ ಸಹಿಯ ಕೆಳಗೆ, ತಮ್ಮ ಸಹಿ ಹಾಕಿದರು. ತಿರುಮಲೇಶರು ಪೆನ್ನು ತೆಗೆದುಕೊಂಡು ಮೇಲಿನ ತಮ್ಮ ಸಹಿಯ ಮೇಲೆ ಗೆರೆ ಎಳೆದರು.

ಹೊರಡುವ ದಿನ ವಿನೋದಾ ಎಡಗಡೆಯ ಬಾಗಿಲು ತೆರೆದು, "ನೀವು ಇಲ್ಲಿ ಕೂತ್ಕೊಳ್ಳಿ, ನನಗೆ ಧೈರ್ಯ," ಎಂದರು. ತಿರುಮಲೇಶರು ಆ ಸೀಟನ್ನು ನೋಡಿದರು. ಮೂವತ್ತನಾಲ್ಕು ವರ್ಷ ಕೂತ ಬದಿ ಅದು. ತಲೆಯಾಡಿಸಿ ನೇಹಾಳನ್ನು ಎತ್ತಿ ಅಲ್ಲಿ ಕೂರಿಸಿ, ಬೆಲ್ಟು ಹಾಕಿ, ಬೆನ್ನಿಗೆ ದಿಂಬು ಕೊಟ್ಟರು.

"ರೈಲಲ್ಲಿ ಡ್ರೈವರ್ ಕೂರೋದು ಎಲ್ಲಿ ಗೊತ್ತಾ?" ಎಂದು ಅವಳ ಕಿವಿಯಲ್ಲಿ ಕೇಳಿದರು.

"ಎಂಗೆ? ಎಲ್ಲಿ?"

"ಇಲ್ಲೇ. ಎಡಗಡೆ."

ತಾವು ಹಿಂದೆ ಹೋಗಿ, ಬ್ಯಾಗು, ನೀರಿನ ಬಾಟ್ಲಿ, ಮೊಸರನ್ನದ ಡಬ್ಬಿಯ ನಡುವೆ ಜಾಗ ಮಾಡಿಕೊಂಡು ಕೂತರು. ಕಾರು ಆಮೆಯ ಹಾಗೆ ಹೊರಟಿತು. ಹಿಂದೆ ಬಂದವರೆಲ್ಲ ಬೈದುಕೊಂಡು ಮುಂದೆ ಹೋದರು. ಡೌಟನ್ ಚೌಕದಲ್ಲಿ ವಿನೋದಾ ನಿಲ್ಲಿಸಿದರು, ಸ್ಟಿಯರಿಂಗ್ ಹಿಡಿದ ಬೆರಳು ಬಿಳಿಚಿದ್ದವು.

"ಪ...ಪಚ್ಚೆ!" ಎಂದಳು ನೇಹಾ.

ವಿನೋದಾ ತಿರುಗಿ ಕೂಗಲಿಲ್ಲ. ಸಿಗ್ನಲ್ಲು ಅವರಿಗೂ ಕಂಡಿತ್ತು. ಆದರೂ ನಲವತ್ತು ವರ್ಷದ ಅಭ್ಯಾಸ, ಕನ್ನಡಿಯಲ್ಲಿ ಗಂಡನ ಮುಖ ಹುಡುಕಿದರು. "ರೀ? ಹೋಗ್ಲಾ? ನೀವೇನಂತೀರಿ?"

ಹಿಂದೆ ಹಾರ್ನು ಹೊಡೆಯುತ್ತಿದ್ದರು. ತಿರುಮಲೇಶರು ಎಡಗಡೆಯ ಕಂಬವಿರಬೇಕಾದ ಕಡೆ ಒಂದು ಸಲ ನೋಡಿದರು.

"ನಂಗೆ ಕಾಣಲ್ಲ ಕಣೆ," ಎಂದರು. "ಅವಳು ಹೇಳಿದ್ಲಲ್ಲ. ಹೋಗು."